ಮಿನೋಸ್ ಒಬ್ಬನೇ, ಇಬ್ಬರೇ? ಒಂದೇ ಹೆಸರಿನವರನ್ನು ಬೇರ್ಪಡಿಸುವ ವಿದ್ಯೆ ಬೆಳೆದ ಬಗೆ

ಗ್ರೀಕರ ಪುರಾಣದಲ್ಲೂ ಚರಿತ್ರೆಯಲ್ಲೂ ಒಂದೇ ಹೆಸರಿನವರು ಹೆಜ್ಜೆಹೆಜ್ಜೆಗೂ ಎದುರಾಗುತ್ತಾರೆ. ಅವರನ್ನು ಬೇರ್ಪಡಿಸುವ ಕೆಲಸ ಮೊದಲಾದದ್ದು ಪುರಾಣದ ಇಕ್ಕಟ್ಟುಗಳನ್ನು ಬಿಡಿಸುವುದಕ್ಕಾಗಿ. ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಫಿನೀಷಿಯದ ಟೈರ್ ಪಟ್ಟಣದಲ್ಲಿ ಹೆರಾಕ್ಲೀಸನ ಗುಡಿಯನ್ನು ಕಂಡ. ಅದಕ್ಕೆ 2300 ವರ್ಷವಾಗಿದೆ ಎಂದರು ಅಲ್ಲಿನ ಅರ್ಚಕರು. ಆಂಫಿಟ್ರಿಯಾನನ ಮಗನಾದ ಹೆರಾಕ್ಲೀಸ್ ಅಷ್ಟು ಹಿಂದಿನವನಾಗಿರಲಾರ. ಆದ್ದರಿಂದ ಒಬ್ಬನನ್ನು ದೇವರೆಂದೂ ಇನ್ನೊಬ್ಬನನ್ನು ವೀರನೆಂದೂ ಪೂಜಿಸುವುದೇ ಸರಿ ಎಂದು ಅವನು ತೀರ್ಮಾನಿಸಿದ. ಪುರಾಣದ ಕ್ರೀಟ್ ಅರಸ ಮಿನೋಸನೂ ಹೀಗೆಯೇ ಒಡೆದುಹೋದ. ಹೋಮರನಲ್ಲಿ ಒಬ್ಬನೇ ಆಗಿದ್ದವನು ಕ್ರಿ.ಪೂ. 1ನೇ ಶತಮಾನದ ಡಿಯೊಡೋರಸನಲ್ಲಿ ಜ್ಯೂಸನ ಮಗನಾದ ಅಜ್ಜ, ಕಡಲನ್ನಾಳಿದ ಮೊಮ್ಮಗ ಎಂದು ಇಬ್ಬರಾದ. ಈ ಜಾಡು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಸಿಸೆರೊ ಕ್ರಿ.ಪೂ. 45ರಲ್ಲಿ, ದೇವರುಗಳ ಸ್ವರೂಪ ಕುರಿತ ತನ್ನ ಗ್ರಂಥದಲ್ಲಿ, ತೋರಿಸಿದ. ಅಲ್ಲಿ ಕೊಟ್ಟಾ ಎಂಬ ವಾದಿ ಮೂವರು ಜುಪಿಟರರನ್ನೂ ಆರು ಮಂದಿ ಹರ್ಕ್ಯುಲಿಸರನ್ನೂ ಎಣಿಸಿ, ಇಂಥ ನಂಬಿಕೆಯ ತಳಹದಿಯನ್ನೇ ಪ್ರಶ್ನಿಸುತ್ತಾನೆ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಮ್ಯಾಗ್ನೀಷಿಯದ ಡಿಮೆಟ್ರಿಯಸ್ ಒಂದೇ ಹೆಸರಿನ ಕವಿಗಳನ್ನೂ ಲೇಖಕರನ್ನೂ ಕುರಿತೇ ಒಂದು ಗ್ರಂಥ ಬರೆದ. ಅದು ಉಳಿದಿಲ್ಲವಾದರೂ, ಅದನ್ನು ಬಳಸಿಕೊಂಡ ಡಯೋಜನೀಸ್ ಲೇರ್ಟಿಯಸ್ 20 ಮಂದಿ ಥಿಯೊಡೋರಸರನ್ನು ಪಟ್ಟಿ ಮಾಡುತ್ತಾನೆ. ಇಲ್ಲಿ ಅಳತೆಗೋಲು ಕಥೆಗಳ ವಿರೋಧವಲ್ಲ. ಊರು, ತಂದೆ, ಮಾಡಿದ ಕೆಲಸ. ಅಥೆನ್ಸ್‌ನಲ್ಲಂತೂ ಈ ಗುರುತುಗಳು ನಾಗರಿಕ ಜೀವನದಲ್ಲೇ ಬೇರೂರಿದ್ದವು: ಕ್ಲೈಸ್ತನೀಸನ ಸುಧಾರಣೆಯ ನಂತರ ಹೆಸರಿನ ಜೊತೆ ತಂದೆಯ ಹೆಸರೂ 'ಡೀಮ್' ಎಂಬ ವಸತಿಯ ಹೆಸರೂ ಸೇರುತ್ತಿದ್ದವು. ಇತಿಹಾಸಕಾರ ಥುಸಿಡಿಡೀಸ್ ಓಲೋರಸನ ಮಗ, ಪೆರಿಕ್ಲೀಸನ ಎದುರಾಳಿ ಥುಸಿಡಿಡೀಸ್ ಮೆಲೇಸಿಯಸನ ಮಗ ಎಂದು ನಾವು ಇಂದಿಗೂ ನಿಸ್ಸಂದೇಹವಾಗಿ ಹೇಳಬಲ್ಲೆವು. ಶಾಸನಗಳ ಸಂಗ್ರಹ ಬೆಳೆದಂತೆ ಈ ವಿದ್ಯೆಯೂ ಗಟ್ಟಿಯಾಯಿತು. ಕಿರ್ಶ್‌ನರ್ 1901–03ರಲ್ಲಿ ಅಥೆನ್ಸಿನವರ ವ್ಯಕ್ತಿಕೋಶ ಹೊರತಂದ. 1972ರಲ್ಲಿ ಫ್ರೇಸರ್ ಆರಂಭಿಸಿದ ಗ್ರೀಕ್ ವ್ಯಕ್ತಿನಾಮಗಳ ಕೋಶದ ಮೊದಲ ಸಂಪುಟ 1987ರಲ್ಲಿ ಬಂತು.

ರಾಜವಂಶಗಳಲ್ಲಿ ಹೆಸರು ಮರುಕಳಿಸುವುದು ಸಹಜ, ಹಾಗಿರುವಾಗ ಇಬ್ಬರು ಮಿನೋಸರು ಏಕಿರಬಾರದು ಎಂದು ಕೇಳಬಹುದು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಗ್ರೀಕರ ವಾಡಿಕೆ. ಅಥೆನ್ಸಿನ ಕ್ಲೈಸ್ತನೀಸನಿಗೂ ಸಿಕ್ಯೋನನ್ನಾಳಿದ ತಾಯಿಯ ತಂದೆಯ ಹೆಸರೇ ಇತ್ತು. ಈಜಿಪ್ಟನ್ನು ಆಳಿದ ಟಾಲೆಮಿಗಳದೂ ಒಂದೇ ಹೆಸರು. ಆದರೆ ಟಾಲೆಮಿಗಳಿಗೆ ನಾಣ್ಯ, ಪಪೈರಸ್, ಶಾಸನಗಳ ಸಾಕ್ಷ್ಯವಿದೆ. ಎರಡನೆಯ ಮಿನೋಸನಿಗೆ ಇರುವ ಆಧಾರ, ಮೊದಲನೆಯವನ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದಷ್ಟೇ. ವಾಡಿಕೆ ಸಾಧ್ಯತೆಯನ್ನು ತೋರಿಸೀತು, ವ್ಯಕ್ತಿಯನ್ನು ಸಾಬೀತುಪಡಿಸದು.

ಹಾಗೆಂದು ಪುರಾಣದ ಈ ಇಬ್ಬಗೆಯನ್ನು ತಪ್ಪೆಂದು ತಳ್ಳಿಹಾಕುವುದೂ ಸರಿಯಲ್ಲ. ನಾಕ್ಸೋಸ್ ದ್ವೀಪದವರು ಇಬ್ಬರು ಅರಿಯಾಡ್ನೆಯರಿದ್ದರು ಎನ್ನುತ್ತಿದ್ದರೆಂದು ಪ್ಲೂಟಾರ್ಕ್ ಬರೆಯುತ್ತಾನೆ: ಡಯೊನೈಸಸನ ಕೈಹಿಡಿದವಳಿಗೆ ಸಂಭ್ರಮದ ಹಬ್ಬ, ಥೀಸಿಯಸ್ ಕೈಬಿಟ್ಟವಳಿಗೆ ಶೋಕದ ಆಚರಣೆ. ಇಬ್ಬರು ಹೆಂಗಸರಿದ್ದರು ಎಂಬುದಕ್ಕೆ ಇದು ಪುರಾವೆಯಲ್ಲ. ಒಂದೇ ಹೆಸರಿನಲ್ಲಿ ಎರಡು ಆಚರಣೆಗಳಿದ್ದವು ಎಂಬುದಕ್ಕೆ ಬೆಲೆಯುಳ್ಳ ಸಾಕ್ಷಿ. ಪೌಲಿ–ವಿಸ್ಸೋವಾದಂಥ ಮಹಾಕೋಶಗಳು ಪುರಾಣಪುರುಷರನ್ನೂ ಚಾರಿತ್ರಿಕ ವ್ಯಕ್ತಿಗಳನ್ನೂ ಒಂದೇ ಸಾಲಿನಲ್ಲಿ 1, 2, 3 ಎಂದು ಎಣಿಸುತ್ತವೆ. ಆ ಅಂಕಿಗಳ ತೂಕ ಮಾತ್ರ ಒಂದೇ ಅಲ್ಲ. ಚರಿತ್ರೆಯಲ್ಲಿ ಅವು ಬದುಕಿದವರನ್ನು ಎಣಿಸಿದರೆ, ಪುರಾಣದಲ್ಲಿ ನೆನೆದವರ ಬಗೆಗಳನ್ನು ಎಣಿಸುತ್ತವೆ. ಈ ಅಂತರವನ್ನು ಗುರುತಿಸಿದ್ದೇ ಈ ವಿದ್ಯೆಯ ನಿಜವಾದ ಬೆಳವಣಿಗೆ.