ನೀಲಕುರಿಂಜಿ: ಎತ್ತರದ ಹುಲ್ಲುಗಾವಲೇ ನೆಲೆ

ಹನ್ನೆರಡು ವರ್ಷಕ್ಕೊಮ್ಮೆ ಅರಳಿ ಬೆಟ್ಟಗಳಿಗೆ ನೀಲಿ ಬಣ್ಣ ಬಳಿಯುವ ನೀಲಕುರಿಂಜಿ ಎಲ್ಲ ಬೆಟ್ಟಗಳ ಹೂವಲ್ಲ. ಸಸ್ಯಶಾಸ್ತ್ರಜ್ಞರು ಸ್ಟ್ರೋಬಿಲಾಂಥಿಸ್ ಕುಂತಿಯಾನಾ ಎಂದು, ಕನ್ನಡಿಗರು ಗುರಿಗೆ ಎಂದೂ ಕರೆಯುವ ಈ ಪೊದೆಸಸ್ಯ ಸಮುದ್ರ ಮಟ್ಟದಿಂದ ಸುಮಾರು 1,340 ಮೀಟರ್‌ನಿಂದ 2,600 ಮೀಟರ್‌ವರೆಗಿನ ಎತ್ತರದಲ್ಲಿ ಬೆಳೆಯುತ್ತದೆ.

ಈ ಎತ್ತರದಲ್ಲಿ ಕಣಿವೆಗಳ ಮಡಿಲಿನಲ್ಲಿ ಶೋಲಾ ಕಾಡು, ಗಾಳಿಗೆ ಮೈಯೊಡ್ಡಿದ ಇಳಿಜಾರುಗಳಲ್ಲಿ ಹುಲ್ಲುಗಾವಲು ಇರುತ್ತವೆ. ಕುರಿಂಜಿಯ ನೆಲೆ ಈ ಹುಲ್ಲುಗಾವಲು. ನೀಲಗಿರಿ, ಮುನ್ನಾರ್, ಪಳನಿ ಹಾಗೂ ಆನಮಲೆ ಬೆಟ್ಟಗಳಲ್ಲಿ ಇದು ಹೆಚ್ಚು. ಪೂರ್ವಘಟ್ಟದ ಯೇರ್ಕಾಡಿನಲ್ಲಿಯೂ ಇದೆ.

ಕರ್ನಾಟಕದಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ ಶ್ರೇಣಿ ಈ ಹೂವಿಗೆ ಹೆಸರಾಗಿದೆ. ಆದರೆ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ಎಂದರೆ ಕುರಿಂಜಿಗೆ ಇಲ್ಲಿ ದೊರೆಯುವುದು ಹೆಚ್ಚೆಂದರೆ 600 ಮೀಟರ್‌ನಷ್ಟು ಅಂತರದ ಪಟ್ಟಿ. ಕೆಳಗೆ ಕಾಫಿ ತೋಟ, ಮೇಲೆ ಆಕಾಶ. ಬೆಟ್ಟದ ತುದಿಯಿಂದಾಚೆಗೆ ಸರಿಯಲು ಗಿಡಕ್ಕೆ ಜಾಗವಿಲ್ಲ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅರಳುವ ಹೂವಿನ ಮಕರಂದಕ್ಕೆ ತುಡುವೆ ಜೇನು ಮುತ್ತುತ್ತದೆ. ಬೀಜ ಬಲಿತ ಬಳಿಕ ಗಿಡ ಸಾಯುತ್ತದೆ. ಉದುರಿದ ಬೀಜಗಳಿಂದಲೇ ಮುಂದಿನ ಪೀಳಿಗೆ ಹುಟ್ಟಬೇಕು. ಆದುದರಿಂದ ಬೀಜ ಕಟ್ಟುವ ಮೊದಲೇ ಬೆಂಕಿ ಬಿದ್ದರೆ, ಪ್ರವಾಸಿಗರು ಗಿಡ ಕಿತ್ತರೆ ಆಗುವ ನಷ್ಟ ಒಂದು ಋತುವಿನದಲ್ಲ, ಹನ್ನೆರಡು ವರ್ಷದ್ದು. ಒಂದು ಕೊಂಬೆಯಿಂದ ಏನು ಮಹಾ ಎನ್ನುವವರು ಇದನ್ನು ಗಮನಿಸಬೇಕು.

ಬೆಟ್ಟದಲ್ಲಿ ಕಂಡ ನೀಲಿ ಹೂವೆಲ್ಲ ನೀಲಕುರಿಂಜಿಯಲ್ಲ ಎಂಬುದನ್ನೂ ಹೇಳಲೇಬೇಕು. ಇದೇ ಕುಲದ ಹಲವು ಸಸ್ಯಗಳು ಪಶ್ಚಿಮಘಟ್ಟದಲ್ಲಿವೆ. ಮಹಾರಾಷ್ಟ್ರದ ಸಹ್ಯಾದ್ರಿಯ ಕಾರ್ವಿ ಇನ್ನೂ ತಗ್ಗಿನಲ್ಲಿ ಬೆಳೆದು ಸುಮಾರು ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ.

ಚಹಾ ತೋಟ, ನೀಲಗಿರಿ ಹಾಗೂ ಅಕೇಶಿಯಾ ನೆಡುತೋಪು, ಕಟ್ಟಡಗಳಿಂದಾಗಿ ಹುಲ್ಲುಗಾವಲು ಕುಗ್ಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2024ರಲ್ಲಿ ಈ ಸಸ್ಯವನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿದೆ. ಕೇರಳ ಸರ್ಕಾರ ಇಡುಕ್ಕಿ ಜಿಲ್ಲೆಯಲ್ಲಿ ಕುರಿಂಜಿಮಲೆ ಅಭಯಾರಣ್ಯವನ್ನು 2006ರಲ್ಲಿಯೇ ಘೋಷಿಸಿತ್ತು.

ಎಲ್ಲ ಬೆಟ್ಟಗಳಲ್ಲಿ ಹೂ ಒಂದೇ ವರ್ಷ ಅರಳುವುದಿಲ್ಲ. ಮುನ್ನಾರ್‌ನಲ್ಲಿ 2018ರಲ್ಲಿ ಅರಳಿದ್ದರಿಂದ ಮುಂದಿನ ಸರದಿ 2030ಕ್ಕೆ. ಚಂದ್ರದ್ರೋಣದಲ್ಲಿ 2022ರಲ್ಲಿ ಅರಳಿದ ಇಳಿಜಾರುಗಳಲ್ಲಿ 2034ರವರೆಗೆ ಕಾಯಬೇಕು.