ಶಂಕುಸ್ಥಾಪನೆಗೆ ಬಂದ ರಾಜಕುಮಾರ

ದೆಹಲಿಯಲ್ಲಿ ನೆಲೆಸಿದ ನಾವು ಕನ್ನಡಿಗರು ‘ಕನಾಟ್ ಪ್ಲೇಸ್’ ಎಂಬ ಹೆಸರನ್ನು ಎಷ್ಟು ಬಾರಿ ಉಚ್ಚರಿಸಿದ್ದೇವೆಂದು ಲೆಕ್ಕವಿಟ್ಟವರಿಲ್ಲ. 1995ರಲ್ಲಿ ಸರ್ಕಾರ ಅದನ್ನು ರಾಜೀವ್ ಚೌಕ್ ಎಂದು ಬದಲಿಸಿತಾದರೂ ಹೊಸ ಹೆಸರು ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಷ್ಟು ನಾಲಿಗೆಗೆ ಅಂಟಲಿಲ್ಲ. ಕನಾಟ್ ಎಂಬುದು ಐರ್ಲೆಂಡಿನ ಪಶ್ಚಿಮ ಪ್ರಾಂತ್ಯದ ಹೆಸರು. ವಿಕ್ಟೋರಿಯಾ ರಾಣಿ ತನ್ನ ಮೂರನೆಯ ಮಗ ಆರ್ಥರನಿಗೆ 1874ರಲ್ಲಿ ಅದನ್ನು ಪದವಿಯಾಗಿ ಕೊಟ್ಟಳು. ಆ ಆರ್ಥರ್ ಯಾರು, ಏನು ಮಾಡಿದ ಎಂದು ವಿಚಾರಿಸುವವರು ಮಾತ್ರ ವಿರಳ.

ಆತ ಹುಟ್ಟಿದ್ದು 1850ರ ಮೇ 1ರಂದು. ವಾಟರ್ಲೂ ವಿಜಯಿ ವೆಲಿಂಗ್ಟನ್ ಹುಟ್ಟಿದ ದಿನವೂ ಅದೇ. ಮಗುವಿಗೆ ಆ ವೃದ್ಧ ಸೇನಾನಿಯ ಹೆಸರನ್ನೇ ಇಟ್ಟು, ಆತನನ್ನೇ ಧರ್ಮಪಿತನನ್ನಾಗಿ ಮಾಡಿದರು. ಹೀಗೆ ತೊಟ್ಟಿಲಿನಲ್ಲಿಯೇ ಸೈನಿಕನೆಂದು ನಿಶ್ಚಯವಾದವನು ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಕಲಿತು 1868ರಲ್ಲಿ ಸೈನ್ಯಾಧಿಕಾರಿಯಾದ. 1882ರಲ್ಲಿ ಈಜಿಪ್ಟಿನ ತೆಲ್ ಎಲ್ ಕೆಬೀರ್ ಕದನದಲ್ಲಿ ಗಾರ್ಡ್ಸ್ ದಳವನ್ನು ನಡೆಸಿದ. ಬರಿಯ ಪೆರೇಡಿನ ಸಿಪಾಯಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ತೊಡಕು ಎದುರಾದದ್ದು ಮುಂಬಯಿಯ ವಿಷಯದಲ್ಲಿ. ಮಗನನ್ನು ಮುಂಬಯಿ ಸೈನ್ಯದ ದಂಡನಾಯಕನನ್ನಾಗಿ ಮಾಡಬೇಕೆಂಬುದು ರಾಣಿಯ ಹಂಬಲ. ಬೆಳಗಾವಿಯ ದಂಡು ಪ್ರದೇಶವೂ ಸೇರಿದ್ದ ಆ ಸೈನ್ಯದ ಮುಖ್ಯಸ್ಥನಿಗೆ ಗವರ್ನರನ ಮಂತ್ರಾಲೋಚನಾ ಸಭೆಯಲ್ಲಿ ಒಂದು ಆಸನವಿತ್ತು. ಆಕ್ಷೇಪ ಹುಟ್ಟಿದ್ದು ಆ ಆಸನದಿಂದ. 1885ರಲ್ಲಿ ಭಾರತ ಮಂತ್ರಿಯಾಗಿದ್ದ ರ‍್ಯಾಂಡಾಲ್ಫ್ ಚರ್ಚಿಲ್, ಪ್ರಧಾನಿ ಸಾಲ್ಸ್‌ಬರಿ ತನ್ನ ಬೆನ್ನ ಹಿಂದೆ ಈ ಕುರಿತು ಪತ್ರವ್ಯವಹಾರ ನಡೆಸಿದ್ದು ತಿಳಿದು ರಾಜೀನಾಮೆ ಕೊಡಲು ಮುಂದಾದ. ಕಡತಗಳ ನಡುವೆ ದಿನ ಕಳೆಯುವ ನಮಗೆ ಆ ಸಿಟ್ಟು ಅರ್ಥವಾಗದ್ದೇನಲ್ಲ! ಆದರೆ ಸಿಟ್ಟನ್ನು ಬದಿಗಿಟ್ಟರೂ ಪ್ರಶ್ನೆ ಉಳಿಯುತ್ತದೆ. ವಾದ ನಡೆಯುವ ಮೇಜಿನ ಬಳಿ ರಾಜಪುತ್ರನೊಬ್ಬ ಕುಳಿತರೆ ಅವನ ಮಾತನ್ನು ಅಲ್ಲಗಳೆಯುವವರಾರು? ಅವನು ಸೋತರೆ ಸಿಂಹಾಸನಕ್ಕೆ ಕುಂದು, ಗೆದ್ದರೆ ಗೆದ್ದದ್ದು ವಾದವೋ ವಂಶವೋ ಎಂಬ ಸಂಶಯ. ಕಡೆಗೆ 1886ರ ಕೊನೆಯಲ್ಲಿ ಹುದ್ದೆ ದೊರೆಯಿತು. 1890ರವರೆಗೆ ಆತ ಅಲ್ಲಿದ್ದ.

ಅಲ್ಲಿಂದ ಮುಂದೆ ಬಯಸಿದ್ದು ಕೈತಪ್ಪಿದ ಕಥೆಯೇ ಹೆಚ್ಚು. 1895ರಲ್ಲಿ ಬ್ರಿಟಿಷ್ ಸೈನ್ಯದ ಸರ್ವೋಚ್ಚ ಪದವಿ ತೆರವಾದಾಗ ಅದು ವುಲ್ಸ್ಲಿಗೆ ಹೋಯಿತು, ಆಮೇಲೆ ರಾಬರ್ಟ್ಸ್‌ಗೆ. 1904ರಲ್ಲಿ ಆ ಪದವಿಯನ್ನೇ ರದ್ದುಪಡಿಸಿದರು. ಮೆಡಿಟರೇನಿಯನ್ ಸೇನಾಧಿಪತ್ಯವೆಂಬ ಕೆಲಸವಿಲ್ಲದ ಹುದ್ದೆಯನ್ನು ಆತ 1909ರಲ್ಲಿ ತಾನಾಗಿಯೇ ಬಿಟ್ಟ. 1911ರಿಂದ 1916ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದಾಗ, ಹೆಸರಿಗಷ್ಟೇ ಇದ್ದ ಸೇನಾಧಿಪತಿ ಎಂಬ ಬಿರುದನ್ನು ನಿಜವೆಂದೇ ಬಗೆದು ಅಲ್ಲಿನ ರಕ್ಷಣಾ ಮಂತ್ರಿ ಸ್ಯಾಮ್ ಹ್ಯೂಸ್ ಜೊತೆ ಜಗಳವಾಡಿಕೊಂಡ. ಅಧಿಕಾರಕ್ಕೆ ತರಬೇತಾದವನಿಗೆ ದೇಶ ಬೇಡಿದ್ದು ಅವನ ಉಪಸ್ಥಿತಿಯನ್ನು ಮಾತ್ರ.

ಆ ಉಪಸ್ಥಿತಿಯ ಬೆಲೆ ನಿಜವಾಗಿ ಪರೀಕ್ಷೆಗೊಳಗಾದದ್ದು ಭಾರತದಲ್ಲಿ, 1921ರಲ್ಲಿ. 1919ರ ಸುಧಾರಣಾ ಕಾಯಿದೆಯಂತೆ ರಚಿತವಾದ ಹೊಸ ಶಾಸನಸಭೆಗಳನ್ನು ಉದ್ಘಾಟಿಸಲು ಯುವರಾಜ ಎಡ್ವರ್ಡ್ ಬರಬೇಕಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದಿಂದ ಆತ ದಣಿದಿದ್ದ. ಎಪ್ಪತ್ತು ವರ್ಷದ ಈ ಹಿರಿಯನನ್ನು ಕಳುಹಿಸಿದರು. ಫೆಬ್ರವರಿಯ ಒಂದೇ ವಾರದಲ್ಲಿ ದೆಹಲಿಯಲ್ಲಿ ಎಷ್ಟು ಸಮಾರಂಭಗಳು! 8ರಂದು ನರೇಂದ್ರ ಮಂಡಲ, 9ರಂದು ಕೇಂದ್ರ ಶಾಸನಸಭೆ, 10ರಂದು ಈಗ ಇಂಡಿಯಾ ಗೇಟ್ ಎನ್ನುವ ಯುದ್ಧ ಸ್ಮಾರಕಕ್ಕೆ ಶಂಕುಸ್ಥಾಪನೆ, 12ರಂದು ಸಂಸತ್ ಭವನಕ್ಕೆ.

9ರ ಭಾಷಣವನ್ನು ಮಾತ್ರ ಇವುಗಳ ಜೊತೆ ಸೇರಿಸಿ ಮರೆಯಲಾಗದು. ಜಲಿಯನ್‌ವಾಲಾ ಬಾಗಿನ ಹತ್ಯೆಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹಿಂದಿನ ಜುಲೈನಲ್ಲಷ್ಟೇ ಲಾರ್ಡ್ಸ್ ಸಭೆ 86ರ ಎದುರು 129 ಮತಗಳಿಂದ ಡಯರನ ಪರ ನಿರ್ಣಯ ಮಾಡಿತ್ತು. ಅಂಥ ಹೊತ್ತಿನಲ್ಲಿ ರಾಜನ ಚಿಕ್ಕಪ್ಪ ಬರೆದುಕೊಟ್ಟ ಸಂದೇಶವನ್ನು ಓದಿ ಕುಳಿತುಕೊಳ್ಳಲಿಲ್ಲ. ಅಮೃತಸರದ ನೆರಳು ದೇಶದ ಮೇಲೆ ಚಾಚಿಕೊಂಡಿದೆ ಎಂದು ಸ್ವಂತ ಮಾತಿನಲ್ಲಿ ಒಪ್ಪಿಕೊಂಡ. ಗತಕಾಲದ ತಪ್ಪುಗಳನ್ನು ಹೂತುಹಾಕಿ ಪರಸ್ಪರ ಕ್ಷಮಿಸಿರೆಂದು ಎರಡೂ ಕಡೆಯವರನ್ನು ಬೇಡಿಕೊಂಡ. ಆ ದನಿಯಲ್ಲಿ ಕಪಟವಿತ್ತೆಂದು ನಮಗೆ ತೋರುವುದಿಲ್ಲ. ಆದರೆ ಹೊಡೆದವರೂ ಹೊಡೆಸಿಕೊಂಡವರೂ ಸಮಾನವಾಗಿ ಮರೆಯಬೇಕೆಂಬ ಬೇಡಿಕೆ ಸಮಾನವೆಂದು ಹೇಗೆ ಒಪ್ಪುವುದು? ಮೇಲಾಗಿ ಕಾಂಗ್ರೆಸ್ ಆ ಚುನಾವಣೆಯನ್ನೇ ಬಹಿಷ್ಕರಿಸಿತ್ತು. ಯಾರ ನೋವನ್ನು ಕುರಿತು ಆತ ಮಾತನಾಡಿದನೋ ಅವರಲ್ಲಿ ಬಹುಮಂದಿ ಆ ಸಭಾಂಗಣದ ಹೊರಗಿದ್ದರು.

ಅದೇ ತಿಂಗಳು ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಆತನಿಗೆ ಬಹಿರಂಗ ಪತ್ರ ಬರೆದರು. ನಿಮ್ಮ ಸ್ವಾಗತವನ್ನು ಬಹಿಷ್ಕರಿಸುವುದು ನಮಗೆ ಸಂತೋಷದ ಕೆಲಸವಲ್ಲ, ನಿಮ್ಮ ಮೇಲಾಗಲಿ ಇಂಗ್ಲಿಷರ ಮೇಲಾಗಲಿ ದ್ವೇಷವಿಲ್ಲ, ನಮ್ಮ ಹೋರಾಟ ಒಂದು ವ್ಯವಸ್ಥೆಯ ವಿರುದ್ಧ ಎಂಬುದು ಅದರ ಸಾರ. ನಮ್ಮ ಅಭಿಪ್ರಾಯದಲ್ಲಿ ರಾಜಕುಮಾರನಿಗೆ ಸಂದ ಅತ್ಯಂತ ಗೌರವದ ಉತ್ತರ ಇದೇ. ಆತನ ವೃತ್ತಿಯನ್ನು ಬುಡದಿಂದ ಅಲುಗಾಡಿಸಿದ ಉತ್ತರವೂ ಇದೇ. ವ್ಯಕ್ತಿಯ ಮೇಲಿನ ಆದರ ವ್ಯವಸ್ಥೆಗೂ ಸಲ್ಲಲಿ ಎಂಬುದಕ್ಕಾಗಿಯೇ ಅಲ್ಲವೆ ರಾಜವಂಶದವರನ್ನು ಹಡಗು ಹತ್ತಿಸುತ್ತಿದ್ದುದು? ಗಾಂಧೀಜಿ ಎರಡನ್ನೂ ಬಿಡಿಸಿಟ್ಟರು. ನವೆಂಬರಿನಲ್ಲಿ ಯುವರಾಜನೇ ಮುಂಬಯಿಗೆ ಬಂದಿಳಿದಾಗ ಬಹಿಷ್ಕಾರದ ಜೊತೆಗೆ ಗಲಭೆಯೂ ನಡೆದು, ಗಾಂಧೀಜಿ ಉಪವಾಸ ಕೂರಬೇಕಾಯಿತು.

ಡ್ಯೂಕ್ ತಾಯ್ನಾಡಿಗೆ ಮರಳಿ, ಕೆಲವು ವರ್ಷಗಳ ಬಳಿಕ ಸಾರ್ವಜನಿಕ ಜೀವನದಿಂದ ಹಿಂದೆ ಸರಿದ. ಬ್ಯಾಗ್‌ಶಾಟ್ ಪಾರ್ಕಿನ ಆತನ ಮನೆಯಲ್ಲಿ ಪಂಜಾಬಿನ ಶಿಲ್ಪಿ ಭಾಯಿ ರಾಮ್ ಸಿಂಗ್ ಮತ್ತು ಲಾಕ್‌ವುಡ್ ಕಿಪ್ಲಿಂಗ್ ರೂಪಿಸಿದ ಮರದ ಕೆತ್ತನೆಯ ಬಿಲಿಯರ್ಡ್ಸ್ ಕೋಣೆಯೊಂದಿತ್ತು. 1942ರ ಜನವರಿ 16ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಆತ ಆ ಮನೆಯಲ್ಲಿಯೇ ತೀರಿಕೊಂಡ.