ವೈದ್ಯ ಪದವಿ ಮತ್ತು ರೋಗಿಯ ಹಾಸಿಗೆ

ಕಳೆದ ಮಳೆಗಾಲದಲ್ಲಿ ಅರಂತೋಡಿನ ಒಂದು ಮನೆಗೆ ಹೋಗಿದ್ದೆ. ಸುಳ್ಯದಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಿಂದ ತುಸು ಒಳಗೆ, ತೋಟದ ನಡುವಿನ ಮನೆ. ಅದನ್ನು ತೋಟವೆನ್ನಲು ಮನೆಯ ಯಜಮಾನರಿಗೇ ಈಗ ಸಂಕೋಚ. ಅರಂತೋಡು, ಸಂಪಾಜೆ, ತೊಡಿಕಾನಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಎಷ್ಟೋ ವರ್ಷಗಳಿಂದ ತಿನ್ನುತ್ತಾ ಬಂದಿರುವುದು ಈ ಭಾಗದ ಓದುಗರಿಗೆ ತಿಳಿದ ವಿಷಯ. ಆ ಕುಟುಂಬಕ್ಕೆ ಉಳಿದಿರುವ ಆಸರೆ ಗುಡ್ಡದ ಬದಿಯ ರಬ್ಬರ್ ಜಾಗ ಒಂದೇ. ಅದನ್ನು ಮಾರಿ ಮಗಳನ್ನು ಹೊರದೇಶದ ವೈದ್ಯಕೀಯ ಕಾಲೇಜಿಗೆ ಕಳುಹಿಸುವ ಆಲೋಚನೆ ನಡೆದಿತ್ತು. ಮೇಜಿನ ಮೇಲೆ ಬಣ್ಣದ ಪುಸ್ತಿಕೆ: ನೀಲಿ ಕಡಲು, ಬಿಳಿ ಕಟ್ಟಡ, ನಗುವ ವಿದ್ಯಾರ್ಥಿಗಳು. ಮೊದಲ ವರ್ಷದ ಪಾಠಗಳನ್ನು ಮನೆಯಲ್ಲೇ ಕುಳಿತು ಆನ್‌ಲೈನ್ ಮೂಲಕ ಮುಗಿಸಬಹುದೆಂಬ ಆಶ್ವಾಸನೆಯೂ ಅದರಲ್ಲಿತ್ತು. "ಫಾದರ್, ಇದನ್ನು ನಂಬಬಹುದೇ?" ಎಂದು ತಂದೆ ಕೇಳಿದರು.

ನಾನು ವೈದ್ಯನಲ್ಲ. ಚರಿತ್ರೆಯನ್ನು ಓದುವ ಅಭ್ಯಾಸ ಮಾತ್ರ ಇದೆ. ಅಂದು ಅವರಿಗೆ ಅರ್ಧಂಬರ್ಧವಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಹೇಳುವ ಯತ್ನ ಮಾಡುತ್ತೇನೆ.

ದೂರದ ಪದವಿಯ ಬಗೆಗಿನ ಅನುಮಾನ ಇಂದಿನದಲ್ಲ. ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1914ರಲ್ಲಿ, ವೈದ್ಯರ ನೋಂದಣಿಗಾಗಿ ಮದರಾಸಿನಲ್ಲಿ ಕಾನೂನು ಬಂತು. ಯಾರೆಂದರೆ ಅವರು ಪಾಶ್ಚಾತ್ಯ ವೈದ್ಯ ಪದವಿಗಳನ್ನು ಕೊಡುವುದನ್ನೂ, ಇಲ್ಲದ ಪದವಿಯನ್ನು ಹೆಸರಿನ ಮುಂದೆ ಹಚ್ಚಿಕೊಳ್ಳುವುದನ್ನೂ ತಡೆಯಲು 1916ರಲ್ಲಿ ಭಾರತೀಯ ವೈದ್ಯಕೀಯ ಪದವಿಗಳ ಅಧಿನಿಯಮ ಜಾರಿಯಾಯಿತು. ಅಮೆರಿಕದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಅಬ್ರಹಾಂ ಫ್ಲೆಕ್ಸ್ನರ್ ಎಂಬ ಶಾಲಾ ಶಿಕ್ಷಕರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಕಂಡುಬಂದು 1910ರಲ್ಲಿ ವರದಿ ಬರೆದರು. ಪ್ರಯೋಗಾಲಯವಿಲ್ಲದ, ಆಸ್ಪತ್ರೆಯ ಸಂಬಂಧವೇ ಇಲ್ಲದ, ಶುಲ್ಕಕ್ಕಾಗಿಯೇ ನಡೆಯುತ್ತಿದ್ದ ಶಾಲೆಗಳು ಅವರ ಕಣ್ಣಿಗೆ ಬಿದ್ದವು. ವರದಿಯ ನಂತರದ ವರ್ಷಗಳಲ್ಲಿ ಅಂಥ ಹಲವು ಶಾಲೆಗಳು ಬಾಗಿಲು ಮುಚ್ಚಿದವು.

ಆದರೆ ನಾವು ಮರೆತಿರುವ ಒಂದು ಅಧ್ಯಾಯವಿದೆ. ಒಂದು ಕಾಲದಲ್ಲಿ ಅನುಮಾನಕ್ಕೆ ಒಳಗಾದ ಹೊರದೇಶದ ಪದವಿ ನಮ್ಮದೇ ಆಗಿತ್ತು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯ ಪದವಿಗಳನ್ನು 1892ರಿಂದ ಮಾನ್ಯಮಾಡುತ್ತಾ ಬಂದಿತ್ತು. 1920ರ ದಶಕದಲ್ಲಿ ಅದು ತಕರಾರು ತೆಗೆಯಿತು. ತಕರಾರು ಪುಸ್ತಕಪಾಠದ ಬಗ್ಗೆ ಅಲ್ಲ, ಹೆರಿಗೆಯ ತರಬೇತಿಯ ಬಗ್ಗೆ. ವಿದ್ಯಾರ್ಥಿ ಇಂತಿಷ್ಟು ಹೆರಿಗೆಗಳನ್ನು ಸ್ವತಃ ನಿರ್ವಹಿಸಿರಬೇಕು ಎಂಬುದು ಅದರ ನಿಯಮ. ನಮ್ಮ ಹೆಂಗಸರೋ ಹೆರಿಗೆಗೆ ಆಸ್ಪತ್ರೆಗೆ ಬರುತ್ತಿದ್ದುದೇ ಅಪರೂಪ. ಮನೆಯ ಕತ್ತಲೆ ಕೋಣೆ, ಊರಿನ ಸೂಲಗಿತ್ತಿ, ಅಷ್ಟೇ. ಕೊನೆಗೆ 1930ರಲ್ಲಿ ಕೌನ್ಸಿಲ್ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಇದು ಸಾಮ್ರಾಜ್ಯದ ದರ್ಪವೆಂದು ನಮ್ಮ ದೇಶಭಕ್ತರು ಸಿಟ್ಟಾದರು. ಆ ಸಿಟ್ಟಿಗೆ ಕಾರಣವೂ ಇತ್ತು. ಹಾಗಿದ್ದರೂ, ಹೆರಿಗೆಯನ್ನೇ ಕಾಣದ ವೈದ್ಯನ ಕೈಗೆ ನಮ್ಮ ತಂಗಿಯನ್ನು ಒಪ್ಪಿಸುವೆವೇ ಎಂದು ಕೇಳಿಕೊಂಡರೆ ಆ ತಕರಾರನ್ನು ಬರೀ ದರ್ಪವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 1933ರ ಕಾನೂನಿನಿಂದ ಭಾರತೀಯ ವೈದ್ಯಕೀಯ ಪರಿಷತ್ತು ಹುಟ್ಟಿದ್ದರ ಹಿಂದೆ ಈ ಜಗಳದ ಪಾತ್ರ ದೊಡ್ಡದು. 1975ರಲ್ಲಿ ಬ್ರಿಟನ್ ಮತ್ತೊಮ್ಮೆ ನಮ್ಮ ಪದವಿಗಳ ಮಾನ್ಯತೆಯನ್ನು ನಿಲ್ಲಿಸಿತು. ಅಲ್ಲಿ ದುಡಿಯಲು ಹೋದ ನಮ್ಮ ವೈದ್ಯರು ಪರೀಕ್ಷೆ ಬರೆಯಬೇಕಾಯಿತು.

ನಮ್ಮ ಕರಾವಳಿಯ ಕತೆಯೂ ಇದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಅವರ ಔಷಧಗಳು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಹೋದವು. ಅಂಚೆಯಲ್ಲಿ ಔಷಧ ಹೋಗಬಹುದು, ರೋಗಿ ಹೋಗಲಾರ. ಕಂಕನಾಡಿಯಲ್ಲಿ ಆಸ್ಪತ್ರೆ ಬೆಳೆಯಿತು, ಕುಷ್ಠರೋಗಿಗಳಿಗೆ ಆಶ್ರಯ ಸಿಕ್ಕಿತು. ಅಲ್ಲಿ ಎಂಬಿಬಿಎಸ್ ಶಿಕ್ಷಣ ಆರಂಭವಾದದ್ದು ಮಾತ್ರ 1999ರಲ್ಲಿ. ನೂರಕ್ಕೂ ಹೆಚ್ಚು ವರ್ಷ ರೋಗಿಗಳನ್ನು ನೋಡಿದ ಮೇಲೆ ಕಾಲೇಜು ಬಂತು.

ಮಣಿಪಾಲದ ಡಾ. ಟಿ.ಎಂ.ಎ. ಪೈಯವರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟವರು. ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗ ಅಲ್ಲಿ ಕಾಲೇಜಿಗೆ ತಕ್ಕ ಆಸ್ಪತ್ರೆ ಇರಲಿಲ್ಲ. ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಖಾಸಗಿಯವರು ವೈದ್ಯರನ್ನು ತಯಾರಿಸುವುದೆಂದರೇನು ಎಂದು ಹುಬ್ಬೇರಿಸಿದವರಿಗೆ ಪೈಯವರು ಕೊಟ್ಟ ಉತ್ತರ ಮಂಗಳೂರಿನಲ್ಲಿತ್ತು. ಸರಕಾರಿ ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳ ನಡುವಿನ ಕಲಿಕೆ ದೊರೆಯಿತು. ಹಾಸಿಗೆ ಎರವಲು ತಂದದ್ದೇ ಆದರೂ ಅದು ನಿಜವಾದ ಹಾಸಿಗೆ. ಅದರ ಮೇಲೆ ಮಲಗಿದವರು ತುಳು, ಕನ್ನಡ, ಕೊಂಕಣಿ, ಬ್ಯಾರಿ ಆಡುವ ನಮ್ಮ ಜನ. ಮುಂದೆ ಮಣಿಪಾಲವೇ ನೇಪಾಳದ ಪೋಖರಾಕ್ಕೂ (1994) ಮಲೇಷ್ಯಾದ ಮೆಲಾಕಕ್ಕೂ (1997) ಹೋಯಿತು, 2008ರಲ್ಲಿ ಕೆರಿಬಿಯನ್ನಿನ ಆಂಟಿಗುವಾದ ಒಂದು ವೈದ್ಯಕೀಯ ಶಾಲೆಯನ್ನೂ ವಹಿಸಿಕೊಂಡಿತು. ಆದ್ದರಿಂದ 'ಕಡಲಾಚೆಯ ಕಾಲೇಜು' ಎಂಬ ಮಾತು ಕೇಳಿದೊಡನೆ ಮೂಗು ಮುರಿಯುವುದು ನಮ್ಮ ಜಿಲ್ಲೆಯವರಿಗೆ ಒಪ್ಪುವುದಿಲ್ಲ.

ಕೆರಿಬಿಯನ್ ದ್ವೀಪಗಳಲ್ಲಿ ಇಂಥ ಶಾಲೆಗಳು 1970ರ ದಶಕದ ಉತ್ತರಾರ್ಧದಲ್ಲಿ ತಲೆಯೆತ್ತಿದವು. ಗ್ರೆನಡಾದ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯ 1976ರಲ್ಲಿ ಸ್ಥಾಪನೆಯಾಯಿತು. 1983ರಲ್ಲಿ ಅಮೆರಿಕದ ಸೇನೆ ಆ ದ್ವೀಪಕ್ಕೆ ಇಳಿದಾಗ ಕೊಟ್ಟ ಕಾರಣಗಳಲ್ಲಿ ಈ ವಿದ್ಯಾರ್ಥಿಗಳ ಸುರಕ್ಷತೆಯೂ ಒಂದು. ಮೊದಲೆರಡು ವರ್ಷ ದ್ವೀಪದಲ್ಲಿ ಪುಸ್ತಕಪಾಠ, ಆಮೇಲೆ ಅಮೆರಿಕ ಅಥವಾ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತರಬೇತಿ ಎಂಬುದು ಅವುಗಳ ಕ್ರಮ. ಹೀಗೆ ಕಲಿತ ಸಾವಿರಾರು ಮಂದಿ ಅಮೆರಿಕದಲ್ಲಿ ಒಳ್ಳೆಯ ವೈದ್ಯರಾಗಿದ್ದಾರೆ. ಅದೇ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿಯಾದರೋ ಪದವಿಗಳು ಹಣಕ್ಕೆ ಮಾರಾಟವಾಗಿ, 1984ರಲ್ಲಿ ಎರಡು ಶಾಲೆಗಳನ್ನು ಮುಚ್ಚಬೇಕಾಯಿತು.

ನಮ್ಮ ಮಕ್ಕಳು ಹೊರಗೆ ಹೋಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕರ್ನಾಟಕದ ಖಾಸಗಿ ಕಾಲೇಜುಗಳ ಶುಲ್ಕದ ಮೊಕದ್ದಮೆ 1992ರಲ್ಲಿ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತೀರ್ಪು ಬಂತು, ಶುಲ್ಕದ ಭಾರ ಇಳಿಯಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಕಾಲೇಜುಗಳಿಗೆ ಹೊರಗಿನ ವಿದ್ಯಾರ್ಥಿಗಳ ಶುಲ್ಕ ಬೇಕಾಯಿತು. ನಮ್ಮವರಿಗೆ ಕಡಿಮೆ ಖರ್ಚಿನ ಪದವಿ ಬೇಕಿತ್ತು. ಮಧ್ಯೆ ಏಜೆಂಟರು ಹುಟ್ಟಿಕೊಂಡರು. ಹೊರಗೆ ಓದಿ ಬಂದವರಿಗಾಗಿ ನಮ್ಮ ಸರಕಾರ 2002ರಲ್ಲಿ ಅರ್ಹತಾ ಪರೀಕ್ಷೆಯನ್ನು ತಂದಿತು. ಅದೇ ವರ್ಷ ಸುಳ್ಯದಲ್ಲಿ ಡಾ. ಕುರುಂಜಿ ವೆಂಕಟರಮಣ ಗೌಡರ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆರಂಭವಾಯಿತು. ಅರಂತೋಡಿನ ಆ ಮನೆಯಿಂದ ಅದು ಸುಮಾರು ಹತ್ತು ಕಿಲೋಮೀಟರ್. ಹುಡುಗಿಗೆ ಸಿಕ್ಕ ನೀಟ್ ಅಂಕಗಳಿಗೂ ತಂದೆಯ ಕೈಯಲ್ಲಿರುವ ಹಣಕ್ಕೂ ಮಾತ್ರ ಅದು ಬಹಳ ದೂರ. ಅರ್ಹತಾ ಪರೀಕ್ಷೆಯಲ್ಲಿ ಹೆಚ್ಚಿನ ಸಲ ನಾಲ್ವರಲ್ಲಿ ಒಬ್ಬರಷ್ಟೂ ತೇರ್ಗಡೆಯಾಗಿಲ್ಲ. ಈ ಪರೀಕ್ಷೆ ಪಾಸಾಗದೆಯೇ ನೋಂದಣಿ ಪಡೆದರೆಂದು 73 ಮಂದಿಯ ಮೇಲೆ 2022ರ ಡಿಸೆಂಬರಿನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು.

ಅದೇ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ನವೀನ್ ಯುದ್ಧಕ್ಕೆ ಬಲಿಯಾದದ್ದು ನಿಮಗೆಲ್ಲ ನೆನಪಿರಬಹುದು. ಮೂರು ವಾರಗಳ ಬಳಿಕ ಊರು ತಲಪಿದ ಮಗನ ದೇಹವನ್ನು ಹೆತ್ತವರು ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿಗೆ ದಾನಮಾಡಿದರು. ಸ್ವದೇಶದಲ್ಲಿ ಸೀಟು ಸಿಗದ ಹುಡುಗನ ದೇಹ ಸ್ವದೇಶದ ಕಾಲೇಜಿನ ಶರೀರರಚನಾ ವಿಭಾಗಕ್ಕೆ ಪ್ರವೇಶ ಪಡೆಯಿತು. ಇದನ್ನು ಬರೆಯುವಾಗಲೂ ನನ್ನ ಲೇಖನಿ ತಡೆಯುತ್ತದೆ.

ಯುದ್ಧದಿಂದಲೂ ಕೋವಿಡ್‌ನಿಂದಲೂ ಮರಳಿ ಬಂದವರ ಪಾಠಗಳು ಆನ್‌ಲೈನ್ ಆದವು. ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಪೂರ್ಣ ಶಿಕ್ಷಣವೆಂದು ಒಪ್ಪಲಿಲ್ಲ. ಹೀಗೆ ಅಂತಿಮ ವರ್ಷ ಮುಗಿಸಿದವರು ಇಲ್ಲಿನ ಆಸ್ಪತ್ರೆಯಲ್ಲಿ ಒಂದು ವರ್ಷದ ಬದಲು ಎರಡು ವರ್ಷ ತರಬೇತಿ ಪಡೆಯಬೇಕೆಂದಿತು. 1930ರ ಹೆರಿಗೆಯ ತಕರಾರು ಬೇರೆ ವೇಷದಲ್ಲಿ ಮರಳಿ ಬಂದಿತ್ತು. 2021ರ ನವೆಂಬರಿನ ನಿಯಮಗಳ ಪ್ರಕಾರ ಹೊರದೇಶದಲ್ಲಿ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿ, ಇಂಗ್ಲಿಷ್ ಮಾಧ್ಯಮ, ಆ ದೇಶದಲ್ಲೇ ವೃತ್ತಿ ನಡೆಸುವ ಅರ್ಹತೆ, ಇಷ್ಟೂ ಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಅಲ್ಲಿನ ರೋಗಿ ತನ್ನ ನೋವನ್ನು ಇಂಗ್ಲಿಷಿನಲ್ಲಿ ಹೇಳುವುದಿಲ್ಲ ಎಂಬುದನ್ನು ಯಾವ ಪುಸ್ತಿಕೆಯೂ ಅಚ್ಚುಹಾಕುವುದಿಲ್ಲ.

ಅಂದು ಸಂಜೆ ಆ ಹುಡುಗಿ ಪುಸ್ತಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಬರೆದುಕೊಂಡಳು. ಆಸ್ಪತ್ರೆ ಎಲ್ಲಿದೆ? ಎಷ್ಟು ಹಾಸಿಗೆಗಳಿವೆ? ರೋಗಿಗಳು ಯಾವ ಭಾಷೆ ಆಡುತ್ತಾರೆ? ಅಲ್ಲಿನ ಪರವಾನಗಿ ನನಗೆ ಸಿಗುತ್ತದೆಯೇ? ಮನೆಯಲ್ಲಿ ಕುಳಿತು ಓದುವ ಆ ಒಂದು ವರ್ಷವನ್ನು ಆಯೋಗ ಲೆಕ್ಕಕ್ಕೆ ಹಿಡಿಯುತ್ತದೆಯೇ? ಮರುದಿನವೇ ಅದನ್ನು ಏಜೆಂಟರಿಗೆ ಕಳುಹಿಸಿದಳಂತೆ. ಎರಡು ವಾರದ ಬಳಿಕ ತಂದೆ ಫೋನು ಮಾಡಿದ್ದರು. ಉತ್ತರದ ಬದಲು ಮುಂಗಡ ಹಣಕ್ಕೆ ಕೊನೆಯ ದಿನಾಂಕದ ಜ್ಞಾಪನೆ ಬಂದಿತ್ತು. ರಬ್ಬರ್ ಜಾಗದ ಕರಾರು ಪತ್ರಕ್ಕೆ ಅವರು ಇನ್ನೂ ಸಹಿ ಹಾಕಿಲ್ಲ.